ಸೆಕೆಂಡ್ಸ್ ಚೀಲದಲ್ಲಿ ಏನಿರುತ್ತೆ?

— ಮಾವ, 77 ಗ್ರೇನಿನ ಮ್ಯಾಚ್ ಬುಲೆಟ್ ಬಂದಿದೆ, ಫ್ಯಾಕ್ಟರಿ ಸೆಕೆಂಡ್ಸ್. 500ರ ಚೀಲ. ಮೊದಲ ದರ್ಜೆಯದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಬೆಲೆ. ತಗೊಂಡುಬಿಡ್ಲಾ?

— ಎಷ್ಟು ಗಜಕ್ಕೆ?

— ಎಲ್ಲದಕ್ಕೂ. ಬೇಸಿಗೆಯಲ್ಲಿ ಕ್ಯಾಂಪ್ ಪೆರಿಯ ರೈಫಲ್ ಪಂದ್ಯ ಇದೆಯಲ್ಲ. ಅಲ್ಲಿವರೆಗೆ ಅಭ್ಯಾಸಕ್ಕೂ ಆಯ್ತು, ಪಂದ್ಯಕ್ಕೂ ಆಯ್ತು.

— ಎಲ್ಲದಕ್ಕೂ ಅಂದ್ರೆ ಬೇಡ. 200 ಗಜದಲ್ಲಿ ನಿಂತು ಹೊಡೆಯೋದಕ್ಕೆ ಅಂದ್ರೆ ಖಂಡಿತ ತಗೋ.

— ಬುಲೆಟ್ ಒಂದೇ ಅಲ್ವಾ? ಒಂದು ಕಡೆ ಒಳ್ಳೇದು, ಇನ್ನೊಂದು ಕಡೆ ಕೆಟ್ಟದ್ದು ಹೇಗಾಗುತ್ತೆ?

— ಬುಲೆಟ್ ಒಂದೇ, ಹೊಡೆಯೋ ನೀನು ಒಂದೇ ಅಲ್ಲ. ನ್ಯಾಷನಲ್ ಮ್ಯಾಚ್ ಕೋರ್ಸಿನ 50 ಈಡನ್ನ ನೆನಪು ಮಾಡ್ಕೋ. 200 ಗಜದಲ್ಲಿ ನಿಂತು 10, ಅಲ್ಲೇ ಕೂತು ಬೇಗಬೇಗನೆ 10, 300 ಗಜದಲ್ಲಿ ಮಲಗಿ ಬೇಗಬೇಗನೆ 10, ಆಮೇಲೆ 600 ಗಜದಲ್ಲಿ ಮಲಗಿ ನಿಧಾನವಾಗಿ 20. ನಿಂತು ಹೊಡೆದಾಗ ನಿನ್ನ ಗುಂಪು ಕೋನದ ಲೆಕ್ಕದಲ್ಲಿ ಎಷ್ಟು ಮಿನಿಟ್ ಅಗಲ ಬರುತ್ತೆ?

— ಚೆನ್ನಾಗಿ ಹೊಡೆದ ದಿನ ಐದು ಮಿನಿಟ್. ಮಲಗಿ, ಸ್ಲಿಂಗ್ ಬಿಗಿದು ಹೊಡೆದ್ರೆ ಒಂದು ಮಿನಿಟ್ ಹಿಡೀತೀನಿ.

— ಸರಿ. ಒಳ್ಳೆ ಬುಲೆಟ್ಟಿನ ಚದುರು ಅರ್ಧ ಮಿನಿಟ್ ಅಂತ ಇಟ್ಕೋ, ಸೆಕೆಂಡ್ಸಿನದು ಒಂದೂವರೆ. ಬುಲೆಟ್ಟಿನ ತಪ್ಪು ನಿನ್ನ ತಪ್ಪಿನ ಮೇಲೆ ನೇರವಾಗಿ ಕೂಡಿಕೊಳ್ಳೋದಿಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೀಬೇಕು. ನಿಂತಾಗ ಒಳ್ಳೆ ಬುಲೆಟ್ಟಿಗೆ 5.02 ಮಿನಿಟ್, ಸೆಕೆಂಡ್ಸಿಗೆ 5.22. ವ್ಯತ್ಯಾಸ 0.2 ಮಿನಿಟ್. 200 ಗಜದಲ್ಲಿ ಅದು ಅರ್ಧ ಇಂಚೂ ಆಗೋದಿಲ್ಲ, ಅಲ್ಲಿ ಹತ್ತರ ಉಂಗುರ ಇರೋದು 7 ಇಂಚು ಅಗಲ. ನಿನ್ನ ಕೈ ನಡುಕದ ಮುಂದೆ ಬುಲೆಟ್ಟಿನ ದೋಷ ಲೆಕ್ಕಕ್ಕೇ ಬರೋದಿಲ್ಲ.

— ಮಲಗಿದಾಗ?

— ಒಳ್ಳೇದಕ್ಕೆ 1.12, ಸೆಕೆಂಡ್ಸಿಗೆ 1.80. 600 ಗಜದಲ್ಲಿ ಒಂದು ಮಿನಿಟ್ ಅಂದ್ರೆ 6.28 ಇಂಚು. ಅಂದ್ರೆ 7 ಇಂಚಿನ ಗುಂಪು 11 ಇಂಚು ದಾಟುತ್ತೆ. ಅಲ್ಲಿ ಹತ್ತರ ಉಂಗುರ 12 ಇಂಚು, ಒಳಗಿನ ಎಕ್ಸ್ ಉಂಗುರ 6. ಕ್ಯಾಂಪ್ ಪೆರಿ ಇರೋದು ಈರಿ ಸರೋವರದ ದಡದಲ್ಲಿ. ಅಲ್ಲಿನ ಗಾಳಿಗೆ ಅಂತ ನೀನು ಉಳಿಸಿಕೊಳ್ಳಬೇಕಾದ ಜಾಗನೆಲ್ಲ ಬುಲೆಟ್ಟೇ ತಿಂದುಹಾಕಿದ್ರೆ ನಿನಗೇನು ಉಳೀತು?

— ಇಷ್ಟು ದಿನ ಬುಲೆಟ್ಟಿಗೆ ಎಷ್ಟು ಸೆಂಟು ಬಿತ್ತು ಅಂತ ಮಾತ್ರ ನೋಡ್ತಿದ್ದೆ.

— ಎಲ್ಲರೂ ಶುರು ಮಾಡೋದು ಅಲ್ಲಿಂದಲೇ. ಬೆಲೆ ನೋಡಬೇಡ ಅಂತ ನಾನು ಹೇಳೋದಿಲ್ಲ. ಮನೆಯಲ್ಲಿ ಕೂತು ತೋಟಾ ತುಂಬೋ ಅಭ್ಯಾಸಕ್ಕೆ ಅರ್ಧ ಕಾರಣವೇ ಖರ್ಚು. ಆದ್ರೆ ಸೆಕೆಂಡ್ಸ್ ತಗೊಂಡಾಗ ಕಡಿಮೆ ಆಗೋದು ಬುಲೆಟ್ಟಿನ ಖರ್ಚು ಒಂದೇ. ಪ್ರೈಮರ್, ಪೌಡರ್, ಹಿತ್ತಾಳೆ ಕೇಸು, ಪೆಟ್ರೋಲು, ಪಂದ್ಯದ ಶುಲ್ಕ, ಯಾವುದೂ ಇಳಿಯೋದಿಲ್ಲ. ನಳಿಗೆ ಅಂತೂ ಪ್ರತಿ ಈಡಿಗೂ ಸವೆಯುತ್ತೆ. ಸರ್ವಿಸ್ ರೈಫಲಿನ ನಳಿಗೆ ಕೆಲವು ಸಾವಿರ ಈಡಿನ ಮೇಲೆ 600 ಗಜಕ್ಕೆ ನಂಬಿಕೆಗೆ ಬರೋದಿಲ್ಲ. ಕೆಟ್ಟ ಬುಲೆಟ್ ಹೊಡೆದ್ರೂ ಅಷ್ಟೇ ಸವೆತ.

— ಸೆಕೆಂಡ್ಸ್ ಅಂದ್ರೆ ನಿಜವಾಗಿ ಏನು ಮಾವ? ಚೀಲದ ಮೇಲೆ ‘ಬಣ್ಣ, ಕಲೆಯ ದೋಷ’ ಅಂತಷ್ಟೇ ಬರೆದಿದ್ದಾರೆ.

— ಮೊದಲು ಮ್ಯಾಚ್ ಬುಲೆಟ್ ಹೇಗೆ ಮಾಡ್ತಾರೆ ಅಂತ ಗೊತ್ತಿರಬೇಕು. 95 ಪಾಲು ತಾಮ್ರ, 5 ಪಾಲು ಸತುವು ಸೇರಿದ ತಗಡಿನಿಂದ ಚಿಕ್ಕ ಬಟ್ಟಲು ಒತ್ತುತ್ತಾರೆ. ಅದನ್ನ ಒಂದರ ಮೇಲೊಂದು ಡೈನಲ್ಲಿ ಎಳೆದು ಉದ್ದ ಮಾಡಿದ್ರೆ ಜಾಕೆಟ್. ಸೀಸದ ತಂತಿ ಕತ್ತರಿಸಿ, ತೂಕಕ್ಕೆ ತಂದು, ಜಾಕೆಟ್ಟಿನ ಬಾಯಿಂದ ಒಳಗೆ ಇಳಿಸಿ ಒತ್ತುತ್ತಾರೆ. ಕೊನೆಗೆ ಆ ಬಾಯನ್ನೇ ಚೂಪಾಗಿ ಮುಚ್ಚುತ್ತಾ ಬರ್ತಾರೆ. ಪೂರ್ತಿ ಮುಚ್ಚೋದಿಲ್ಲ, ಸೂಜಿ ಹೋಗುವಷ್ಟು ತೂತು ಉಳಿಯುತ್ತೆ. ಅದೇ ಓಪನ್ ಟಿಪ್ ಮ್ಯಾಚ್. ಸೈನ್ಯದ ಸಾಮಾನ್ಯ ಫುಲ್ ಮೆಟಲ್ ಜಾಕೆಟ್ ಬುಲೆಟ್ಟಿನಲ್ಲಿ ಇದು ತಿರುಗುಮುರುಗು: ಮೂತಿ ಮುಚ್ಚಿರುತ್ತೆ, ಸೀಸ ತುಂಬೋದು ಬುಡದಿಂದ.

— ಅದರಿಂದ ಏನಾಗುತ್ತೆ?

— ಬುಡ ಒಂದೇ ಸಮ ಇರುತ್ತೆ. ಬುಲೆಟ್ ನಳಿಗೆ ಬಿಡೋ ಗಳಿಗೆಯಲ್ಲಿ ಹಿಂದಿನಿಂದ ನುಗ್ಗೋ ಗ್ಯಾಸು ಬುಡದ ಸುತ್ತ ಎಲ್ಲ ಕಡೆ ಒಂದೇ ಹೊತ್ತಿಗೆ ಹೊರಗೆ ಬೀಳಬೇಕು. ಬುಡದ ಅಂಚು ಒಂದು ಕಡೆ ತಗ್ಗಿದ್ರೆ ಗ್ಯಾಸು ಬುಲೆಟ್ಟನ್ನ ಪಕ್ಕಕ್ಕೆ ತಳ್ಳುತ್ತೆ. ಮೂತಿ ಚೂರು ಹರಿದಿದ್ರೂ ನಡೆಯುತ್ತೆ, ಬುಡ ಕೆಟ್ಟಿದ್ರೆ ನಡೆಯೋದಿಲ್ಲ. ಈ ತೆರೆದ ಮೂತಿಯ ಬುಲೆಟ್ ಯುದ್ಧದ ಕಾನೂನಿಗೆ ಹೊಂದುತ್ತಾ ಅಂತ ಅಮೆರಿಕದ ಸೈನ್ಯದಲ್ಲೇ ಪ್ರಶ್ನೆ ಬಂದಿತ್ತು. ಮೂತಿಯ ತೂತು ಇರೋದು ತಯಾರಿಕೆಯ ಕ್ರಮದಿಂದ, ಮೈಯೊಳಗೆ ಅರಳೋದಕ್ಕಲ್ಲ ಅಂತ 1990ರಲ್ಲಿ ಸೈನ್ಯದ ವಕೀಲ ಹೇಸ್ ಪಾರ್ಕ್ಸ್ ಅಭಿಪ್ರಾಯ ಬರೆದುಕೊಟ್ಟರು.

— ಸೆಕೆಂಡ್ಸ್ ಎಲ್ಲಿ ಹುಟ್ಟುತ್ತೆ ಈ ದಾರಿಯಲ್ಲಿ?

— ಎಲ್ಲ ಕಡೆ. ನಮ್ಮೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ನೆನಪು ಮಾಡ್ಕೋ. ಪ್ಲಾಂಟೇಷನ್ ಎ ಒಂದು ಕಡೆ, ಬಿ ಒಂದು ಕಡೆ, ಕಪ್ಪು ಬೀಜ ಒಂದು ಕಡೆ, ಚೂರು ಒಂದು ಕಡೆ. ಅಲ್ಲಿ ಯಾವ ರಾಶಿಯಲ್ಲಿ ಏನಿದೆ ಅಂತ ಮೂಟೆ ಮೇಲೆ ಬರೆದಿರುತ್ತೆ. ಬುಲೆಟ್ಟಿನಲ್ಲಿ ಬಿ ದರ್ಜೆ, ಕಪ್ಪು, ಚೂರು ಮೂರೂ ಒಂದೇ ಚೀಲಕ್ಕೆ ಬೀಳಬಹುದು, ಮೇಲಿನ ಹೆಸರು ಒಂದೇ ಸೆಕೆಂಡ್ಸ್. ತೊಳೆದು ಒಣಗಿಸುವಾಗ ನೀರಿನ ಕಲೆ ನಿಂತದ್ದು, ಇಟ್ಟಲ್ಲೇ ಕಂದಿದ್ದು, ಪ್ಲಾಸ್ಟಿಕ್ ಮೂತಿಯ ಬಣ್ಣ ತಪ್ಪಿದ್ದು, ಇವೆಲ್ಲ ಕಣ್ಣಿನ ದೋಷ. ಹೊಸ ಡೈ ಕೂರಿಸಿ ಯಂತ್ರ ಹದಕ್ಕೆ ಬರೋ ಮೊದಲು ಬಂದದ್ದು ಅಳತೆಯ ದೋಷ. ಎರಡು ಲಾಟು ಬೆರೆತದ್ದು ಇನ್ನೊಂದು. ಇದಲ್ಲದೆ ‘ಓವರ್‌ರನ್’ ಅಂತ ಬರುತ್ತೆ. ಆರ್ಡರಿಗಿಂತ ಹೆಚ್ಚು ಮಾಡಿದ್ದು, ದೋಷವೇ ಇರೋದಿಲ್ಲ. ಅದು ಸಿಕ್ಕಿದ್ರೆ ಬಿಡಬೇಡ.

— ಒರೆಗನ್ನಿನ ನಾಸ್ಲರ್ ಕಂಪನಿಯ ಸೆಕೆಂಡ್ಸ್ ಮಾರೋದಕ್ಕೇ ಒಂದು ಅಂಗಡಿ ಇದೆಯಂತೆ.

— ಹೌದು, ಶೂಟರ್ಸ್ ಪ್ರೊ ಶಾಪ್. ಅಲ್ಲಿ ಓವರ್‌ರನ್ ಬೇರೆ, ಕಲೆಯದ್ದು ಬೇರೆ ಅಂತ ಹೇಳಿ ಮಾರ್ತಾರೆ. ಹಾಗೆ ಬಿಡಿಸಿ ಹೇಳೋ ಮಾರಾಟಗಾರನ ಹತ್ತಿರ ಎರಡು ಸೆಂಟು ಹೆಚ್ಚು ಕೊಟ್ಟಾದ್ರೂ ಕೊಳ್ಳಬೇಕು. ಯಾವ ಕಂಪನಿಯ ಮಾಲು ಅನ್ನೋದನ್ನೇ ಮುಚ್ಚಿಟ್ಟು ಮಾರೋರ ಹತ್ತಿರ ನಾನಂತೂ ಹೋಗೋದಿಲ್ಲ. ಬಾ ಇಲ್ಲಿ, ಹೋದ ಸಲದ ಚೀಲ ಇದೆ. ಟ್ರೇ ಮೇಲೆ ಒಂದು ಹಿಡಿ ಸುರಿ.

— ಅಬ್ಬ, ಕೆಲವು ಹೊಸ ನಾಣ್ಯದ ಹಾಗಿವೆ. ಇದರ ಮೈಮೇಲೆ ಕಂದು ಮಚ್ಚೆ.

— ಆ ಮಚ್ಚೆಯದು ಒಳ್ಳೇದಿರಬಹುದು, ಬದಿಗಿಡು. ಈಗ ಲೆನ್ಸ್ ತಗೊಂಡು ಬುಡ ನೋಡು. ಬೋಟ್ ಟೇಲ್, ಅಂದ್ರೆ ಬುಡದ ಸಪೂರ ಭಾಗ, ಮುಗಿಯೋ ಅಂಚು.

— ಇದು ದುಂಡಗಿದೆ. ಇದೂ. ಇದರಲ್ಲಿ... ಅಂಚಿನಲ್ಲಿ ಉಗುರು ಒತ್ತಿದ ಹಾಗೆ ಒಂದು ತಗ್ಗು.

— ತೆಗೆದು ಆ ಡಬ್ಬಕ್ಕೆ ಹಾಕು. ನಳಿಗೆ ಕೊಳಕು ಮಾಡೋದಕ್ಕೆ, ಹೊಸ ಪ್ರೆಸ್ಸಿನಲ್ಲಿ ಆಳ ಹೊಂದಿಸೋದಕ್ಕೆ ಆಗುತ್ತೆ. ಈಗ ವರ್ನಿಯರಿಗೆ ಕಂಪ್ಯಾರೇಟರ್ ಸಿಕ್ಕಿಸು. ಬುಲೆಟ್ಟಿನ ಒಟ್ಟು ಉದ್ದ ನೋಡಬೇಡ, ಮೂತಿ ಯಾವಾಗಲೂ ಅಂಕುಡೊಂಕೇ. ಬುಡದಿಂದ, ಮೈ ಸಪೂರಾಗೋದಕ್ಕೆ ಶುರುವಾಗೋ ಓಜೈವ್ ಜಾಗದವರೆಗಿನ ಅಳತೆ ತೆಗಿ. ನಳಿಗೆಯ ತಿರುವು ಮೊದಲು ಮುಟ್ಟೋದು ಆ ಜಾಗವನ್ನ.

— ಒಂದು... ಇನ್ನೊಂದು ಅದಕ್ಕಿಂತ ಎರಡು ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಎರಡು ಪಾಲು, ಹೆಚ್ಚು. ಇದೂ ಅಷ್ಟೇ. ಇದು ಬೇರೆ! ಹನ್ನೊಂದು ಥೌ ಕಡಿಮೆ. ಇದೂ ಹನ್ನೊಂದರ ಹತ್ತಿರ.

— ಎರಡು ರಾಶಿ ಮಾಡ್ಕೊಂಡು ಹೋಗು. ಇಲ್ಲಿ ಬೆರೆತಿರೋದು ಎರಡು ಲಾಟು, ಇಲ್ಲವೇ ಎರಡು ಡೈಯಿಂದ ಬಂದ ಮಾಲು. ಒಂದೊಂದು ರಾಶಿಯೂ ತನ್ನಷ್ಟಕ್ಕೆ ಚೆನ್ನಾಗಿದೆ. ಬೆರೆಸಿ ತುಂಬಿದ್ರೆ ಮಾತ್ರ ಒಂದು ತೋಟಾದಲ್ಲಿ ಬುಲೆಟ್ ತಿರುವಿಗೆ ಹತ್ತಿರ, ಇನ್ನೊಂದರಲ್ಲಿ ದೂರ. ಮೊದಲ ದರ್ಜೆಯ ಒಂದು ಪೆಟ್ಟಿಗೆಯಲ್ಲಿ ಈ ಅಳತೆ ಎರಡು ಮೂರು ಥೌ ಒಳಗೇ ಇರೋದನ್ನ ನೋಡಿದ್ದೀನಿ.

— ಹಾಗಾದ್ರೆ ಬೇರ್ಪಡಿಸಿಕೊಂಡ್ರೆ ಸೆಕೆಂಡ್ಸೂ ಮ್ಯಾಚ್ ಆಯ್ತಲ್ಲ ಮಾವ! ತೂಕ ನೋಡ್ತೀನಿ, ಬುಡ ನೋಡ್ತೀನಿ, ಓಜೈವ್ ಅಳೀತೀನಿ. ಒಂದು ಭಾನುವಾರ ಹೋಗುತ್ತೆ, ಅಷ್ಟೇ ತಾನೆ?

— ಇಲ್ಲ ಮಗಾ. ನಿನ್ನ ವರ್ನಿಯರಿಗೂ ತಕ್ಕಡಿಗೂ ಕಾಣದ ದೋಷ ಒಂದಿದೆ. ಜಾಕೆಟ್ಟಿನ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿದ್ರೆ? ಒಳಗೆ ಸೀಸ ಸರಿಯಾಗಿ ಕೂರದೆ ಒಂದು ಗುಳ್ಳೆ ಉಳಿದಿದ್ರೆ? ಹೊರಗಿನ ವ್ಯಾಸ ಸರಿ, ಉದ್ದ ಸರಿ, ತೂಕವೂ ಸರಿಯೇ ಬರಬಹುದು. ಆದ್ರೆ ಭಾರದ ಕೇಂದ್ರ ನಡುಗೆರೆಯ ಮೇಲಿರೋದಿಲ್ಲ. ನಿನ್ನ ನಳಿಗೆ ಎಂಟು ಇಂಚಿಗೆ ಒಂದು ಸುತ್ತಿನದು. ಸೆಕೆಂಡಿಗೆ 2,750 ಅಡಿ ವೇಗದಲ್ಲಿ ಹೊರಟ ಬುಲೆಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ, ಲೆಕ್ಕ ಹಾಕು.

— 2,750 ಅಡಿ, ಇಂಚಿಗೆ ತಿರುಗಿಸಿದ್ರೆ 33,000. ಎಂಟರಿಂದ ಭಾಗಿಸಿ ಅರವತ್ತರಿಂದ ಗುಣಿಸಿದ್ರೆ... ಎರಡು ಲಕ್ಷದ ನಲವತ್ತೇಳು ಸಾವಿರದ ಐನೂರು!

— ಆ ವೇಗದಲ್ಲಿ ತಿರುಗೋ ವಸ್ತುವಿನ ಭಾರ ಕೂದಲೆಳೆಯಷ್ಟು ಪಕ್ಕಕ್ಕಿದ್ರೂ ಸಾಕು. ನಳಿಗೆಯೊಳಗೆ ಇರೋವರೆಗೆ ಗೋಡೆ ಹಿಡಿದಿರುತ್ತೆ. ಬಾಯಿ ದಾಟಿದ ತಕ್ಷಣ ಬುಲೆಟ್ ತನ್ನ ಭಾರದ ಕೇಂದ್ರದ ಸುತ್ತ ತಿರುಗೋದಕ್ಕೆ ಹೋಗಿ ಪಕ್ಕಕ್ಕೆ ಜಾರುತ್ತೆ. ಯಾವ ಪಕ್ಕಕ್ಕೆ ಅನ್ನೋದು ದಪ್ಪ ಭಾಗ ಆ ಕ್ಷಣ ಯಾವ ಕಡೆ ಇತ್ತೋ ಅದರ ಮೇಲೆ. ಒಂದು ಎಡಕ್ಕೆ, ಒಂದು ಮೇಲಕ್ಕೆ. ಹಾಗೆ ಹೊರಗೆ ಬಿದ್ದದ್ದನ್ನ ನೋಡಿ ನೀನು ಏನು ಅಂದ್ಕೋತೀಯ?

— ಟ್ರಿಗರ್ ಎಳೆದುಬಿಟ್ಟೆ ಅಂತ. ಇಲ್ಲಾಂದ್ರೆ ಗಾಳಿ ತಪ್ಪಾಗಿ ಓದಿದೆ ಅಂತ.

— ನಾನು ಹೇಳಬೇಕಾದ್ದು ಇದೊಂದೇ. ಮೊದಲ ದರ್ಜೆಯ ಬುಲೆಟ್ಟಿಗೆ ಹೆಚ್ಚು ದುಡ್ಡು ಕೊಡೋದು ಗುಂಪು ಚಿಕ್ಕದಾಗಲಿ ಅಂತ ಮಾತ್ರ ಅಲ್ಲ. ಉಂಗುರದಾಚೆ ಬಿದ್ದ ಈಡು ನಿನ್ನದೇ ಅಂತ ನಿನಗೆ ಗ್ಯಾರಂಟಿಯಾಗಿ ಗೊತ್ತಾಗಲಿ ಅಂತ. ಅದು ಗೊತ್ತಾದ್ರೆ ತಾನೆ ತಿದ್ದಿಕೊಳ್ಳೋದು? ಬುಲೆಟ್ಟಿನ ತಪ್ಪನ್ನ ತನ್ನ ತಪ್ಪು ಅಂದುಕೊಂಡು ಚೆನ್ನಾಗಿದ್ದ ಹಿಡಿತ ಬದಲಾಯಿಸಿದ ಹುಡುಗರು ನಮ್ಮ ಕ್ಲಬ್ಬಿನಲ್ಲಿ ಎಷ್ಟೋ ಜನ. ನೋಡಿದ್ರೆ ಸಂಕಟ ಆಗುತ್ತೆ. ಕಲಿಯೋ ವರ್ಷಗಳು ಹಾಗೆ ಹೋಗಬಾರದು.

— ಕಂಪನಿಗಳು ಒಳಗಿನ ದೋಷ ಹೇಗೆ ಕಂಡುಹಿಡಿಯುತ್ತವೆ?

— ಜಾಕೆಟ್ ಇನ್ನೂ ಖಾಲಿ ಇರುವಾಗಲೇ ಗೋಡೆ ಅಳೀತಾರೆ. ಆಮೇಲೆ ಪ್ರತಿ ಲಾಟಿನಿಂದ ಮಾದರಿ ತೆಗೆದು ಹೊಡೆದೇ ನೋಡ್ತಾರೆ. ಸಿಯೆರಾ ಕಂಪನಿ 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯ್ತು, 1990ರಲ್ಲಿ ಮಿಸೌರಿಯ ಸೆಡಾಲಿಯಾಕ್ಕೆ ಬಂತು. ಗಾಳಿ ತಾಗದ ಹಾಗೆ ನೆಲದಡಿಯಲ್ಲೇ ರೇಂಜ್ ಇಟ್ಟುಕೊಂಡಿದ್ದಾರೆ. ಬರ್ಗರ್ ಬುಲೆಟ್ ಶುರುಮಾಡಿದ ವಾಲ್ಟ್ ಬರ್ಗರ್ ಸ್ವತಃ ಬೆಂಚ್‌ರೆಸ್ಟ್ ಶೂಟರ್. ಅವರ ಹೆಸರು ನಿಂತಿರೋದೇ ಜೆ4 ಜಾಕೆಟ್ಟಿನ ಸಮ ಗೋಡೆಯ ಮೇಲೆ.

— ಅಂದ್ರೆ ಪೆಟ್ಟಿಗೆ ಮೇಲೆ ‘ಮ್ಯಾಚ್’ ಅಂತ ಇದ್ರೆ ಸಾಕು.

— ಅದೂ ಸಾಲದು. ಯಾವ ಪಂದ್ಯಕ್ಕೆ ಅಂತ ಕೇಳು. ಸಿಯೆರಾದ .308ರ 168 ಗ್ರೇನ್ ಮ್ಯಾಚ್‌ಕಿಂಗ್ ಜಗತ್ಪ್ರಸಿದ್ಧ. ಮಾಡಿದ್ದು 300 ಮೀಟರ್ ಅಂತರರಾಷ್ಟ್ರೀಯ ಸ್ಪರ್ಧೆಗೆ. ಅದರ ಬೋಟ್ ಟೇಲ್ 13 ಡಿಗ್ರಿ, ತುಸು ಕಡಿದು. 1,000 ಗಜದ ಹತ್ತಿರ ವೇಗ ಇಳಿದು ಶಬ್ದದ ವೇಗಕ್ಕೆ ಬಂದಾಗ ಅದು ತಡವರಿಸುತ್ತೆ. ದೂರಕ್ಕೆ ಅಂತ 9 ಡಿಗ್ರಿಯ 175 ಗ್ರೇನ್ ಬಂತು, ಅಮೆರಿಕದ ಸೈನ್ಯ ಸ್ನೈಪರ್ ತೋಟಾಕ್ಕೆ ಅದನ್ನೇ ಹಾಕಿತು. ಎರಡೂ ಮ್ಯಾಚ್, ಎರಡೂ ಮೊದಲ ದರ್ಜೆ. ನಿನ್ನ ವಿಷಯಕ್ಕೆ ಬಂದ್ರೆ, ಬೇಗಬೇಗನೆ ಹೊಡೆಯೋ ಸುತ್ತಿನಲ್ಲಿ ತೋಟಾ ಮ್ಯಾಗಜಿನ್‌ನಿಂದ ಬರಬೇಕು, ಅದರ ಒಳಗಿನ ಜಾಗ 2.26 ಇಂಚು ಅಂತ ಇಟ್ಕೋ. 77 ಗ್ರೇನ್ ಅಲ್ಲಿ ಹಿಡಿಸುತ್ತೆ. 600ರಲ್ಲಿ ಒಂದೊಂದೇ ಕೈಯಲ್ಲಿ ಹಾಕೋದ್ರಿಂದ 80 ಗ್ರೇನಿನ ಉದ್ದ ಬುಲೆಟ್ ಹಾಕಬಹುದು, ಗಾಳಿಗೆ ಕಡಿಮೆ ಸರಿಯುತ್ತೆ.

— ಇನ್ನೊಬ್ಬರು ‘ಪುಲ್ಡ್’ ಬುಲೆಟ್ ಮಾರ್ತಿದ್ದಾರೆ. ಸೈನ್ಯದ ತೋಟಾ ಬಿಚ್ಚಿ ತೆಗೆದದ್ದಂತೆ. ಅದು ಇನ್ನೂ ಅಗ್ಗ.

— ಅದು ಸೆಕೆಂಡ್ಸ್ ಅಲ್ಲ, ಬೇರೆಯದೇ ಜಾತಿ. ಹುಟ್ಟಿದಾಗ ಮೊದಲ ದರ್ಜೆ, ಆಮೇಲೆ ಇಕ್ಕಳದಲ್ಲಿ ಹಿಡಿದು ಎಳೆದದ್ದು. ಮೈಮೇಲೆ ಸುತ್ತ ಒಂದು ಗೀರು, ಕೆಲವದಕ್ಕೆ ಕಪ್ಪು ಡಾಂಬರಿನಂಥ ಸೀಲೆಂಟ್. ಗೀರು ಸಮವಾಗಿದ್ರೆ 200, 300 ಗಜಕ್ಕೆ ಚೆನ್ನಾಗೇ ಹೋಗುತ್ತೆ. ಒಂದು ಕಡೆ ಅದುಮಿದ್ರೆ ಬೇಡ. ಮೂತಿಗೆ ಬಣ್ಣ ಬಳಿದದ್ದನ್ನಂತೂ ಮುಟ್ಟಬೇಡ. ಹಸಿರು ಅಂದ್ರೆ ಒಳಗೆ ಉಕ್ಕು, ಕಿತ್ತಳೆ ಅಂದ್ರೆ ಟ್ರೇಸರ್. ಒಣ ಹುಲ್ಲಿಗೆ ಬೆಂಕಿ ಬೀಳುತ್ತೆ. ಎಷ್ಟೋ ರೇಂಜಿನಲ್ಲಿ ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡಿ ವಾಪಸ್ ಕಳಿಸ್ತಾರೆ.

— ಸೆಕೆಂಡ್ಸಿಗೆ ನನ್ನ ಹಳೇ ಅಳತೆಯ ಪೌಡರೇ ಹಾಕಬಹುದಲ್ವಾ? ತೂಕ ಅದೇ 77.

— ಬೇಡ, ಇದರಲ್ಲಿ ಮಾತ್ರ ಸಲಿಗೆ ಬೇಡ. ತೂಕ ಒಂದೇ ಇದ್ದು ಆಕಾರ ಬೇರೆ ಇದ್ರೆ ನಳಿಗೆಗೆ ಉಜ್ಜೋ ಮೈ ಉದ್ದ ಬೇರೆ, ತೋಟಾದೊಳಗೆ ಕೂರೋ ಆಳ ಬೇರೆ, ಒತ್ತಡ ಬೇರೆ. ಯಾವ ಕಂಪನಿಯ ಯಾವ ಬುಲೆಟ್ ಅಂತ ಖಾತ್ರಿಯಾಗದ ಮಾಲನ್ನ ತುಂಬಲೇಬೇಡ. ಖಾತ್ರಿಯಾದ್ರೂ ಮ್ಯಾನ್ಯುಯಲ್ಲಿನ ಕೆಳಗಿನ ಅಂಕಿಯಿಂದ ಶುರುಮಾಡು. ಮೊದಲ ದರ್ಜೆಯಲ್ಲೂ ಲಾಟು ಬದಲಾದ್ರೆ ನಾನು ಸ್ವಲ್ಪ ಇಳಿಸಿಯೇ ಶುರುಮಾಡೋದು.

— ಸೆಕೆಂಡ್ಸ್ ಚೀಲ ಒಳ್ಳೇದಾ ಕೆಟ್ಟದ್ದಾ ಅಂತ ಕೊನೆಗೆ ತೀರ್ಮಾನ ಮಾಡೋದು ಹೇಗೆ ಮತ್ತೆ? ಒಳಗೆ ಕಾಣೋದಿಲ್ಲ ಅಂತೀರಿ.

— ಹೊಡೆದೇ. ಒಂದೇ ದಿನ, ಒಂದೇ ನಳಿಗೆ, ಮಲಗಿ. ಮೊದಲ ದರ್ಜೆಯದು ಹತ್ತು, ಸೆಕೆಂಡ್ಸ್ ಹತ್ತು, ಇನ್ನೊಮ್ಮೆ ಅದೇ ಸರದಿ. ಐದರ ಗುಂಪು ನಂಬಬೇಡ, ಅದೃಷ್ಟ ಅದರಲ್ಲಿ ತುಂಬ ಆಡುತ್ತೆ. ಎರಡೂ ಗುಂಪು ಒಂದೇ ಅಳತೆಗೆ ಬಂದ್ರೆ ಆ ಚೀಲ ಬರೀ ಕಲೆಯದು, 300ಕ್ಕೂ ನಡೆಸು. ಒಂಬತ್ತು ಒಟ್ಟಿಗೆ ಬಿದ್ದು ಒಂದು ಹಾರಿಹೋದ್ರೆ ಚೀಲದಲ್ಲಿ ಹುಳುಕಿದೆ ಅಂತ ಅರ್ಥ. ಗುಂಪಿನ ಸರಾಸರಿಗಿಂತ ಆ ಒಂದೇ ನನಗೆ ಹೆಚ್ಚು ಹೇಳುತ್ತೆ. ಅಂಥ ಚೀಲ 200 ಗಜದಲ್ಲಿ ನಿಂತು ಹೊಡೆಯೋದಕ್ಕೆ ಮೀಸಲು.

— ನಿಂತು ಹೊಡೆಯೋದರಲ್ಲೇ ನಾನು ಅಂಕ ಕಳ್ಕೊಳ್ಳೋದು ಮಾವ.

— ಹಾಗಾಗಿಯೇ ಸೆಕೆಂಡ್ಸ್ ನಿನಗೆ ವರ. ನಿಲ್ಲೋದು ಸುಧಾರಿಸೋದಕ್ಕೆ ಬೇಕಾದ್ದು ಈಡಿನ ಸಂಖ್ಯೆ. ಅದೇ ದುಡ್ಡಿಗೆ ಅರ್ಧದಷ್ಟು ಹೆಚ್ಚು ಬುಲೆಟ್ ಸಿಗುತ್ತೆ ಅಂದ್ರೆ ಸಂತೋಷವಾಗಿ ತಗೋ. ಮ್ಯಾಚ್ ಬುಲೆಟ್ಟನ್ನ ನಿಂತು ಹೊಡೆಯೋದಕ್ಕೆ ಸುರಿದು, 600ಕ್ಕೆ ಬರುವಾಗ ಪೆಟ್ಟಿಗೆ ಖಾಲಿ ಮಾಡ್ಕೊಂಡು ಬೇರೆ ಲಾಟು ಹುಡುಕೋದು ನೋಡಿದ್ದೀನಿ. ಅದು ತಲೆಕೆಳಗಾದ ಖರ್ಚು.

— ಇನ್ನೊಂದು. ಸಕಲೇಶಪುರದಿಂದ ಅಣ್ಣ ಫೋನ್ ಮಾಡಿದ್ದ. ಡಿಸೆಂಬರಿನಲ್ಲಿ ಬರುವಾಗ ಒಂದು ಡಬ್ಬ ಬುಲೆಟ್ ತಗೊಂಡು ಬಾ, ಬರೀ ಸೀಸ ತಾಮ್ರ ತಾನೆ, ಮದ್ದಿಲ್ಲವಲ್ಲ ಅಂದ.

— ಒಂದೂ ಒಯ್ಯಬೇಡ! ಭಾರತದ 1959ರ ಆಯುಧ ಕಾಯಿದೆಯಲ್ಲಿ ಮದ್ದುಗುಂಡಿನ ಬಿಡಿಭಾಗವೂ ಮದ್ದುಗುಂಡೇ. ಇಲ್ಲಿ ಅಮೆರಿಕದಿಂದ ಹೊರಗೆ ಒಯ್ಯೋದಕ್ಕೂ ರಫ್ತು ಕಾನೂನು ಅಡ್ಡ ಇದೆ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಬುಲೆಟ್ಟಿಗೆ ಏರ್‌ಪೋರ್ಟಿನಿಂದ ಠಾಣೆಗೆ ಹೋಗಬೇಕಾಗುತ್ತೆ. ಅಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತೋಟಾ ತುಂಬೋದೂ ಅಪರಾಧವೇ. ಅಣ್ಣನಿಗೆ ಹಾಗೇ ಹೇಳು, ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಊರಿಗೆ ಹೊರಡುವಾಗ ರೇಂಜಿನ ಬ್ಯಾಗ್ ಬಳಸಲೇಬೇಡ, ಬೇರೆ ಬ್ಯಾಗ್ ತಗೋ. ಕೋವಿ ಕೊಳ್ಳೋದಕ್ಕೆ ನೀನು ಗ್ರೀನ್ ಕಾರ್ಡ್ ಬರೋವರೆಗೆ ಕಾದದ್ದು ಎಷ್ಟು ಸರಿಯಾಗಿತ್ತು ನೋಡು. ವರ್ಕ್ ವೀಸಾದಲ್ಲಿದ್ದವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಕೋವಿ, ತೋಟಾ ಇಟ್ಟುಕೊಂಡ್ರೆ ಇಲ್ಲಿ ಫೆಡರಲ್ ಅಪರಾಧ. ನಮ್ಮ ಹುಡುಗರು ಎಷ್ಟೋ ಜನಕ್ಕೆ ಇದು ಗೊತ್ತೇ ಇರೋದಿಲ್ಲ.

— ಸರಿ, ಹೇಳ್ತೀನಿ. ಈಗ ಆರ್ಡರ್ ಮಾಡ್ತೀನಿ. ಸೆಕೆಂಡ್ಸ್ 77 ಒಂದು ಚೀಲ. 80 ಗ್ರೇನ್ ಮೊದಲ ದರ್ಜೆ 100.

— 100 ಏನು ಸಾಲುತ್ತೆ? ಲೋಡ್ ಹುಡುಕೋದಕ್ಕೇ ಅರ್ಧ ಹೋಗುತ್ತೆ. 500ರ ಪೆಟ್ಟಿಗೆ ಇದ್ರೆ ಅದನ್ನೇ ತಗೋ. ನೂರರ ಪೆಟ್ಟಿಗೆಗಳೇ ಇರೋದಾದ್ರೆ ಫೋನ್ ಮಾಡಿ, ಐದಕ್ಕೂ ಒಂದೇ ಲಾಟ್ ನಂಬರ್ ಇದೆಯಾ ಅಂತ ಕೇಳು. ಪೆಟ್ಟಿಗೆ ಕೈಯಲ್ಲಿ ಹಿಡಿದು ಓದಿ ಹೇಳ್ತಾರೆ. 2020ರಲ್ಲಿ ಬಂದಂಥ ಅಭಾವ ಇನ್ನೊಮ್ಮೆ ಬಂದ್ರೆ ಲಾಟಿರಲಿ, ಬುಲೆಟ್ಟೇ ಸಿಗೋದಿಲ್ಲ.

— ಐನೂರು ಅಂದ್ರೆ ಈ ತಿಂಗಳು ಸೆಕೆಂಡ್ಸ್ ಬಿಡಬೇಕಾಗುತ್ತೆ.

— ಬಿಡು. ಮೊದಲು 80. ಸೆಕೆಂಡ್ಸ್ ಚೀಲ ಇನ್ನೊಂದು ಬರುತ್ತೆ, ಆ ಲಾಟು ಬರೋದಿಲ್ಲ. ನಿಂತು ಹೊಡೆಯೋದಕ್ಕೆ ಅಲ್ಲಿವರೆಗೆ ಈ ಟ್ರೇಯಲ್ಲಿರೋದನ್ನ ತಗೊಂಡು ಹೋಗು, ಎರಡು ರಾಶಿ ಬೇರೆ ಬೇರೆ ಡಬ್ಬದಲ್ಲಿ. ಮುಚ್ಚಳದ ಮೇಲೆ ಓಜೈವ್ ಅಳತೆ ಬರಿ.